ಮಂಗಳವಾರ ಹುಟ್ಟಿದ ಹಳೆಯ ಹಾಡು

ಮಾರ್ಚ್ ೪, ಸೋಮವಾರ

ಕೆಲಸ ಸಿಕ್ಕಿತು! ಇಲ್ಲಿಯಾದರೂ ದೊಡ್ಡದಾಗಿ ಬರೆದುಕೊಳ್ಳುತ್ತೇನೆ, ಏಕೆಂದರೆ ಫೋನಿನಲ್ಲಿ "ಡೇಟ್ಸ್ ನೋಡಿ ಹೇಳ್ತೀನಿ" ಎಂದು ಗತ್ತು ತೋರಿಸಿದವಳು ನಾನೇ. ನನಗೆಲ್ಲಿಯ ಡೇಟ್ಸು? ಕಳೆದ ವರ್ಷವೆಲ್ಲ ಸೇರಿ ನಾನು ಮಾಡಿದ ಸಂಗೀತವೆಂದರೆ ಒಂದು ಟೂತ್‌ಪೇಸ್ಟ್ ಜಾಹೀರಾತಿನದು. ಅದನ್ನು ನಮ್ಮವರು ಕೆಳಗೆ ತಮ್ಮ ಕ್ಲಿನಿಕ್ಕಿನಲ್ಲಿ ದಿನವಿಡೀ ಹಾಕಿ, ಹಲ್ಲುನೋವಿಗೆಂದು ಬಂದವರಿಗೆ ತಲೆನೋವನ್ನೂ ಕೊಟ್ಟು ಕಳಿಸಿದರು.

ಮಧ್ಯಾಹ್ನ ಸಂಕಲನದ ಕೋಣೆಯಲ್ಲಿ ಕೂತು ಸಿನಿಮಾ ನೋಡಿದೆ. ಕಿಟಕಿಯಿಲ್ಲದ ಕೋಣೆ, ಒಂದು ಸೋಫಾ, ಸೋಫಾದ ಮುರಿದ ಕಾಲಿಗೆ ಯಾರದೋ ಹಳೆಯ ಚಿತ್ರಕಥೆ ಆನಿಸಿದ್ದಾರೆ. ಸಿನಿಮಾ ಹೊಟ್ಟೆಕಿಚ್ಚಾಗುವಷ್ಟು ಚೆನ್ನಾಗಿದೆ. ಡ್ರೈವಿಂಗ್ ಸ್ಕೂಲ್ ನಡೆಸುವ ಹೆಂಗಸಿನ ಕಥೆ. ಜೀವನವಿಡೀ ಪಕ್ಕದ ಸೀಟಿನಲ್ಲಿ ಕೂತು, ಕಲಿಸುವವರಿಗೆಂದೇ ಇರುವ ಇನ್ನೊಂದು ಬ್ರೇಕಿನ ಮೇಲೆ ಕಾಲಿಟ್ಟುಕೊಂಡು, ಊರಿಗೆಲ್ಲ ಗಾಡಿ ಕಲಿಸುತ್ತಾಳೆ. ಕೊನೆಗೆ ಸ್ಕೂಲು ಮಾರಿದ ದಿನ, ಪಕ್ಕದಲ್ಲಿ ಯಾರೂ ಇಲ್ಲದೆ, ತಾನೇ ಸ್ಟೇರಿಂಗ್ ಹಿಡಿದು ಊರಾಚೆ ಹೊರಟುಬಿಡುತ್ತಾಳೆ. ಒಂದು ಮಾತೂ ಇಲ್ಲ. ಮುಖ, ರಸ್ತೆ, ಗಾಳಿ, ಅಷ್ಟೇ. ಹಿನ್ನೆಲೆ ಸಂಗೀತ ಮಾಡುವವರಿಗೆ ಇಂಥ ಮೂರು ನಿಮಿಷ ಸಿಗಬೇಕಾದರೆ ಪುಣ್ಯ ಮಾಡಿರಬೇಕು.

ಆದರೆ ಆ ಪುಣ್ಯದ ಮೇಲೆ ಆಗಲೇ ಒಂದು ಹಾಡು ಕಾಲುಚಾಚಿ ಮಲಗಿತ್ತು. ನಾವು ಕಾಲೇಜಿನಲ್ಲಿದ್ದಾಗಿನ ಸೂಪರ್‌ಹಿಟ್ ಹಾಡು. ಕೊನೆಯ ದೃಶ್ಯವಷ್ಟೇ ಅಲ್ಲ, ಮಾರುಕಟ್ಟೆಯ ದೃಶ್ಯಕ್ಕೆ ಒಂದು ಹಿಟ್, ಜಗಳಕ್ಕೆ ಒಂದು ಹಿಟ್, ಆಸ್ಪತ್ರೆಯ ಕಾರಿಡಾರಿಗೂ ಒಂದು ಹಿಟ್.

"ಸುಮ್ನೆ ಟೆಂಪರರಿ ಮೇಡಂ," ಎಂದ ನಿರ್ದೇಶಕ. ಚಿಕ್ಕ ವಯಸ್ಸು, ದೊಡ್ಡ ಕನ್ನಡಕ. "ಎಡಿಟಿಂಗಿಗೆ ಒಂದು ಲಯ ಬೇಕಲ್ವಾ, ಅದಕ್ಕೆ ಹಾಕ್ಕೊಂಡಿದ್ದೀವಿ. ನಿಮ್ಮ ಮ್ಯೂಸಿಕ್ ಬಂದ ತಕ್ಷಣ ಎಲ್ಲಾ ತೆಗೆದುಬಿಡ್ತೀವಿ. ನಿಮ್ಮ ಸಿನಿಮಾಗಳನ್ನ ನೋಡ್ಕೊಂಡೇ ಬೆಳೆದವನು ನಾನು."

"ಹೌದಾ? ಯಾವುದು ಇಷ್ಟ?" ಎಂದೆ.

ಕಣ್ಣುಮುಚ್ಚಿ ಭಕ್ತಿಯಿಂದ ಗುನುಗಿದ. ಸಿನಿಮಾ ನನ್ನದೇ, ಸರಿ. ಗುನುಗಿದ್ದು ಅದರಲ್ಲಿದ್ದ ಹಾಡು. ಹಾಡು ಮಾಡಿದವರು ಬೇರೆಯವರು.

ನಮ್ಮ ಕಸುಬಿನ ಹಣೆಬರಹವೇ ಇದು. ನಮಗೆ ಸಿಗುವ ಅತಿ ದೊಡ್ಡ ಹೊಗಳಿಕೆ "ಮ್ಯೂಸಿಕ್ ಇದ್ದದ್ದೇ ಗೊತ್ತಾಗಲಿಲ್ಲ" ಎಂಬುದು. ಮೂವತ್ತು ವರ್ಷ ಗೊತ್ತಾಗದ ಹಾಗೆ ಮಾಡಿದ್ದಾಯಿತು. ಈಗಂತೂ ಗೊತ್ತಾಗದ ಸಂಗೀತವನ್ನು ಮಾಡಿಸುವುದೇಕೆ, ಗೊತ್ತಿರುವ ಹಾಡನ್ನೇ ಕೊಂಡು ಅಂಟಿಸಿದರಾಯಿತು ಎನ್ನುತ್ತಿದ್ದಾರೆ. ನನಗೆ ಇರುವುದು ಒಂದೇ ಆಸೆ. ಒಂದೇ ಒಂದು ಸಲ, ಯಾರಾದರೂ ಒಬ್ಬರು ಥಿಯೇಟರಿನಿಂದ ಹೊರಬರುವಾಗ ನಾನು ಕಟ್ಟಿದ ಸ್ವರವನ್ನು ಗುನುಗಬೇಕು. ಮತ್ತು ಅದು ನನ್ನದೆಂದು ಅವರಿಗೆ ಗೊತ್ತಿರಬೇಕು.

ಮಾರ್ಚ್ ೬, ಬುಧವಾರ

ಸಿಕ್ಕಿತು, ಅವಳ ಸ್ವರ ಸಿಕ್ಕಿತು. ಸೆಲ್ಲೋದಲ್ಲಿ, ಕೂತು ನುಡಿಸುವ ಆ ದಪ್ಪ ದನಿಯ ದೊಡ್ಡ ಪಿಟೀಲಿನಲ್ಲಿ, ಐದೇ ಸ್ವರ, ನಿಧಾನವಾಗಿ, ಏರುವ ಹಾಗೆ ಮಾಡಿ ಏರದೆ ನಿಲ್ಲುತ್ತದೆ. ಬ್ರೇಕಿನ ಮೇಲೆ ಸದಾ ಕಾಲಿಟ್ಟವಳ ಸ್ವರ. ಕೊನೆಯ ದೃಶ್ಯದಲ್ಲಿ ಅದು ಬಿಚ್ಚಿಕೊಳ್ಳುತ್ತದೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ, ಕೈ ಅಷ್ಟು ಹಿಂದೆ ಹೋಗುವುದಿಲ್ಲವಾದರೂ.

ಕೆಳಗೆ ನಮ್ಮವರು ಆ ಹಳೆಯ ಹಿಟ್ ಹಾಡನ್ನು ಹಾಡುತ್ತ ಯಾರದೋ ದವಡೆ ಹಲ್ಲು ಕೊರೆಯುತ್ತಿದ್ದರು. ಸಿನಿಮಾದಲ್ಲಿ ಆ ಹಾಡಿದೆ ಎಂದು ಅವರಿಗೆ ಹೇಳಿದ್ದೇ ತಪ್ಪಾಯಿತು. ಕೊರೆಯುವ ಯಂತ್ರಕ್ಕಿರುವಷ್ಟು ಶ್ರುತಿಜ್ಞಾನವೂ ನಮ್ಮವರಿಗಿಲ್ಲ.

ಮಾರ್ಚ್ ೧೫, ಶುಕ್ರವಾರ

ಮಾರುಕಟ್ಟೆ, ಜಗಳ, ಆಸ್ಪತ್ರೆ, ಎಲ್ಲದಕ್ಕೂ ಬರೆದದ್ದನ್ನು ತೆಗೆದುಕೊಂಡು ಹೋಗಿ ಕೇಳಿಸಿದೆ. ನಿರ್ದೇಶಕ ತಲೆಯಾಡಿಸಿದ. ಸಂಕಲನದ ಹುಡುಗಿಯೂ ತಲೆಯಾಡಿಸಿದಳು. ಇಬ್ಬರೂ ಹಾಗೆ ತಲೆಯಾಡಿಸಿದಾಗಲೇ ನನಗೆ ಅನುಮಾನ ಬಂತು.

"ಸೂಪರ್ ಮೇಡಂ. ತುಂಬಾ ಡೀಪ್ ಆಗಿದೆ," ಎಂದ ಅವನು. "ಆದ್ರೆ..."

"ಆದ್ರೆ?"

ಅವನು ಹುಡುಗಿಯ ಮುಖ ನೋಡಿದ. ಅವಳಿಗೆ ಬಾಯಲ್ಲಿ ಸುಳ್ಳು ನಿಲ್ಲುವುದಿಲ್ಲ ಎಂದು ಕಾಣುತ್ತದೆ. "ಆಂಟಿ, ನಿಮ್ಮ ಮ್ಯೂಸಿಕ್ ಹಾಕಿದ್ರೆ ಸೀನು ಉದ್ದ ಅನ್ಸತ್ತೆ," ಎಂದಳು.

"ಸೀನು ಇರೋದೇ ಉದ್ದ ಕಣಮ್ಮ."

"ಹೌದು, ಹಾಡು ಇದ್ರೆ ಅದು ಗೊತ್ತಾಗಲ್ಲ."

ಆಸ್ಪತ್ರೆ ಉಳಿಯಿತು. ಆಸ್ಪತ್ರೆಗೆ ಯಾರೂ ಹಾಡು ಕೇಳಲು ಹೋಗುವುದಿಲ್ಲ ಎಂಬ ಔದಾರ್ಯದಿಂದ. ಮಾರುಕಟ್ಟೆಯೂ ಜಗಳವೂ ಹಾಡುಗಳ ಪಾಲಾದವು. ಟೆಂಪರರಿ ಆಗಿ ಬಂದವು ಕಾಯಂ ಆದವು. ಇನ್ನು ಮುಂದೆ ಈ ದಿನಚರಿಯಲ್ಲಿ ನಿರ್ದೇಶಕನ ಹೆಸರು ಟೆಂಪರರಿ.

ಕೊನೆಯ ದೃಶ್ಯ ಮಾತ್ರ ಬಿಡುವುದಿಲ್ಲ. ಅದಕ್ಕೆ ಕಂಪ್ಯೂಟರಿನ ಸುಳ್ಳು ಸೆಲ್ಲೋ ಸಾಲದು, ನಿಜವಾದದ್ದನ್ನೇ ನುಡಿಸಿ ಕೇಳಿಸಬೇಕು. ಸೆಲ್ಲೋ ಅಣ್ಣನಿಗೆ ಫೋನು ಮಾಡಿದೆ. ನಾನು ಈ ಕೆಲಸಕ್ಕೆ ಬಂದಾಗಿನಿಂದ ನನ್ನ ಎಲ್ಲ ಸಿನಿಮಾಕ್ಕೂ ನುಡಿಸಿದವರು ಅವರು. ಅವರನ್ನು ರೆಕಾರ್ಡಿಂಗಿಗೆ ಯಾರಾದರೂ ಕರೆದು ಎಷ್ಟು ಕಾಲವಾಯಿತೋ. "ಎಲ್ಲಿಗೆ ಬರ್ಲಿ? ಯಾವಾಗ ಬರ್ಲಿ?" ಎಂದರು. ಏನು ನುಡಿಸಬೇಕು ಎಂದು ಕೇಳಲೇ ಇಲ್ಲ.

ಮಾರ್ಚ್ ೨೨, ಶುಕ್ರವಾರ

ಇವತ್ತಿನದನ್ನು ಬರೆಯಲೇಬಾರದು ಎಂದುಕೊಂಡಿದ್ದೆ. ಬರೆಯದಿದ್ದರೆ ತಿಂದದ್ದು ಅರಗುವುದಿಲ್ಲ.

ಸೆಲ್ಲೋ ಅಣ್ಣ ನಮ್ಮ ಮಹಡಿಯ ಕೋಣೆಯಲ್ಲಿ ನುಡಿಸಿದ್ದು ದಿವ್ಯವಾಗಿ ಬಂದಿತ್ತು. ನಡುವೆ ಒಂದು ಕಡೆ ಕೆಳಗಿನಿಂದ ರೋಗಿಯೊಬ್ಬ "ಆ..." ಎಂದದ್ದು ಸೇರಿಕೊಂಡಿದ್ದರೂ, ಅದೂ ಶ್ರುತಿಯಲ್ಲೇ ಇತ್ತು. ದೃಶ್ಯಕ್ಕೆ ಕೂಡಿಸಿ ತೋರಿಸಿದೆ. ಮುಗಿದ ಮೇಲೆ ಟೆಂಪರರಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಗೆದ್ದೆ ಎಂದುಕೊಂಡೆ.

"ಅಳು ಬಂತು ಮೇಡಂ," ಎಂದ.

"ಬರಬೇಕು."

"ಅದೇ ಪ್ರಾಬ್ಲಮ್ಮು. ಅಲ್ಲಿ ಅಳು ಬರಬಾರದು. ಅವಳು ಗಾಡಿ ಓಡಿಸ್ತಿದ್ದಾಳೆ ಮೇಡಂ. ಖುಷಿಯಾಗಿ ಹೋಗ್ತಿದ್ದಾಳೆ. ನೀವು ಅವಳನ್ನ ನೋಡಿ ಪಾಪ ಅಂತಿದ್ದೀರಿ."

ಚೀಲ ಎತ್ತಿಕೊಂಡು ಎದ್ದುಬಂದೆ. ಅಲ್ಲೇ ಕೂತಿದ್ದರೆ ಸೋಫಾದ ಇನ್ನೊಂದು ಕಾಲನ್ನೂ ಮುರಿದುಬಿಡುತ್ತಿದ್ದೆ. ನಿನ್ನೆ ಮೊನ್ನೆ ಹುಟ್ಟಿದವನು ನನಗೆ ಹೇಳಲು ಬರುತ್ತಾನೆ! ನಾನು ಸಂಗೀತ ಕೊಟ್ಟ ಸಾವಿನ ದೃಶ್ಯಗಳನ್ನು ಸೇರಿಸಿದರೆ ಒಂದು ಊರೇ ಖಾಲಿಯಾಗುತ್ತದೆ. ಎಲ್ಲಿ ಪಾಪ ಎನ್ನಬೇಕು, ಎಲ್ಲಿ ಅನ್ನಬಾರದು ಎಂದು ನನಗೆ ಗೊತ್ತಿಲ್ಲವೇ?

ಕೊನೆಯ ದೃಶ್ಯಕ್ಕೆ ಹಳೆಯ ಹಿಟ್ ಹಾಡೇ ಕಾಯಂ.

ಮಾರ್ಚ್ ೨೩, ಶನಿವಾರ

ಅಡುಗೆ ಮಾಡಲಿಲ್ಲ. ನಮ್ಮವರು ಮೊಟ್ಟೆ ಬೇಯಿಸಿದರು. ಬೇಯಿಸುತ್ತ ಅದೇ ಹಾಡು. ಒಂದು ನೋಟ ನೋಡಿದೆ. ಬಾಯಿಗೆ ಬೀಗ ಬಿತ್ತು.

ಮಾರ್ಚ್ ೨೯, ಶುಕ್ರವಾರ

ಇವತ್ತು ಕೇಕು ತರಿಸಿಕೊಂಡು ತಿಂದೆ. ಸಣ್ಣ ಬುದ್ಧಿ ಎನ್ನುವವರು ಎನ್ನಲಿ, ಇಲ್ಲಿ ಓದುವವರು ಯಾರಿದ್ದಾರೆ?

ಆ ಹಳೆಯ ಹಾಡಿನ ಹಕ್ಕಿರುವ ಕಂಪನಿಯವರು ಹಾಡನ್ನು ಕೊಡುವುದಿಲ್ಲ ಎಂದುಬಿಟ್ಟರಂತೆ. ಯಾವುದೋ ದೊಡ್ಡ ಚಿತ್ರಕ್ಕೆ ಆಗಲೇ ಮಾತಾಗಿದೆಯಂತೆ. ಬೆಳಿಗ್ಗೆಯೇ ಸುದ್ದಿ ಸಿಕ್ಕಿತ್ತು. ಸಂಜೆ ಟೆಂಪರರಿಯ ಸ್ವರ ಫೋನಿನಲ್ಲಿ ಗಾಳಿ ಹೋದ ಬಲೂನಿನ ಹಾಗಿತ್ತು. ಅಯ್ಯೋ ಪಾಪ, ಛೆ, ಹೀಗಾಗಬಾರದಿತ್ತು ಎಂದು ನಾನು ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಇನ್ನೊಂದು ಕೈಯಲ್ಲಿ ಸೆಲ್ಲೋ ಅಣ್ಣನ ರೆಕಾರ್ಡಿಂಗನ್ನು ಹುಡುಕುತ್ತಿದ್ದೆ.

"ಅದಕ್ಕೇ ಮೇಡಂ, ಒಂದು ಐಡಿಯಾ," ಎಂದ. "ನೀವೇ ಒಂದು ಹಳೇ ಹಾಡು ಮಾಡ್ಕೊಡಿ."

"ಹಳೇ ಹಾಡು ಮಾಡೋದಾ?"

"ಅಂದ್ರೆ, ಕೇಳಿದ ತಕ್ಷಣ ಅಯ್ಯೋ ಇದು ನಮ್ಮ ಕಾಲದ್ದಲ್ವಾ ಅನ್ನಿಸ್ಬೇಕು. ಅವಳು ಹದಿನೆಂಟು ವರ್ಷದವಳಿದ್ದಾಗ ಊರೆಲ್ಲಾ ಹಾಡ್ತಿದ್ದ ಹಾಡು. ಆದ್ರೆ ಯಾರದ್ದೂ ಅಲ್ಲ. ಹೊಸದು."

ಕೇಕಿನ ಕೊನೆಯ ತುಂಡು ನಮ್ಮವರಿಗೆ ಕೊಟ್ಟೆ.

ಏಪ್ರಿಲ್ ೨, ಮಂಗಳವಾರ

ಆಗುವುದಿಲ್ಲ ಎಂದು ಹೇಳಲೆಂದೇ ಬೆಳಿಗ್ಗೆ ಫೋನು ಕೈಗೆತ್ತಿಕೊಂಡಿದ್ದೆ. ಹೇಳುವ ಮುಂಚೆ ನನ್ನ ಸೆಲ್ಲೋ ಸ್ವರವನ್ನು ಇನ್ನೊಂದು ಸಲ ಕೇಳೋಣ, ಕೋಪಕ್ಕೆ ಕಾವು ಬರಲಿ ಎಂದು ಕಂಪ್ಯೂಟರಿನಲ್ಲಿ ಬರೆದಿಟ್ಟ ಪ್ರತಿಯನ್ನು ಹಾಕಿದೆ. ಗಡಿಬಿಡಿಯಲ್ಲಿ ಅದನ್ನು ತೆರೆದದ್ದು ಟೂತ್‌ಪೇಸ್ಟಿನ ಕಡತದ ಒಳಗೆ. ಜಾಹೀರಾತಿನ ಚುರುಕು ಲಯ ಹಾಗೇ ಉಳಿದಿತ್ತು, ಕೆಳಗೆ ಟೂತ್‌ಪೇಸ್ಟಿನ ಡ್ರಮ್ಮೂ ಇತ್ತು.

ನನ್ನ ಐದು ಸ್ವರ, ಉಸಿರು ಬಿಗಿಹಿಡಿದು ಬರೆದ ಸ್ವರ, ಲಂಗ ಎತ್ತಿ ಹಿಡಿದ ಹುಡುಗಿಯ ಹಾಗೆ ಓಡಿಬಿಟ್ಟಿತು!

ನಿಲ್ಲಿಸಲು ಹೋದ ಕೈ ನಿಲ್ಲಿಸಲಿಲ್ಲ. ಏರದೆ ನಿಲ್ಲುತ್ತಿದ್ದ ಜಾಗದಲ್ಲಿ ಈ ವೇಗಕ್ಕೆ ನಿಲ್ಲಲಾಗದೆ ಅದು ತಾನೇ ಏರಿತು. ಅಲ್ಲಿ ಒಂದು ಗಿಟಾರ್ ಬೇಕೆನಿಸಿತು, ಹಾಕಿದೆ. ಚಪ್ಪಾಳೆ ಬೇಕೆನಿಸಿತು, ಕೈಯಲ್ಲೇ ತಟ್ಟಿದೆ. ತಟ್ಟುತ್ತಿರುವಾಗ ಮೆಟ್ಟಿಲ ಮೇಲೆ ದಡದಡ ಸದ್ದು. ನಮ್ಮವರು, ಕೈಯಲ್ಲಿ ಗ್ಲೋವ್ಸ್, ಹಣೆಯ ಮೇಲೆ ದೀಪ.

"ಏ, ಇದು ನಮ್ಮ ಹಾಸ್ಟೆಲ್ಲಿನ ಹಾಡಲ್ವೇನೇ!" ಎಂದರು.

"ಯಾವುದು?"

"ಇದೇ ಕಣೇ. ನನ್ನ ಪಕ್ಕದ ರೂಮಿನವನು ದಿನಾ ಬೆಳಿಗ್ಗೆ ಬಾತ್‌ರೂಮಲ್ಲಿ ಹಾಡ್ತಿದ್ದ. ಎಷ್ಟು ವರ್ಷ ಆಯ್ತು ಕೇಳಿ! ಎಲ್ಲಿ ಸಿಕ್ತು ನಿನಗೆ?"

ಅದು ಹುಟ್ಟಿ ಹತ್ತು ನಿಮಿಷವೂ ಆಗಿರಲಿಲ್ಲ. ಬಾಣಂತಿ ಇಲ್ಲೇ ಕೂತಿದ್ದಾಳೆ, ಇವರು ಮಗುವಿನ ಜೊತೆ ಹಾಸ್ಟೆಲ್ಲಿನಲ್ಲಿದ್ದೆ ಎನ್ನುತ್ತಾರೆ!

"ಕೆಳಗೆ ಪೇಷಂಟು ಬಾಯಿ ತೆಕ್ಕೊಂಡು ಕೂತಿರಬೇಕು, ಹೋಗ್ರೀ," ಎಂದೆ.

ನಗು ತಡೆಯಲಾಗಲಿಲ್ಲ. ಆಗುವುದಿಲ್ಲ ಎನ್ನಲು ಎತ್ತಿಕೊಂಡಿದ್ದ ಫೋನಿನಲ್ಲಿ "ನೋಡೋಣ" ಎಂದೆ. ಹೇಗೂ ಸ್ವರ ನನ್ನದೇ ತಾನೇ? ವೇಷ ಹಾಕಿಸಿ ಒಳಗೆ ನುಗ್ಗಿಸುತ್ತಿದ್ದೇನೆ, ಅಷ್ಟೇ. ಹಾಡು ಮಾಡುತ್ತಿದ್ದೇನೆ ಎಂದಲ್ಲ.

ಏಪ್ರಿಲ್ ೫, ಶುಕ್ರವಾರ

ಸತ್ಯ ತಿಳಿದ ಮೇಲೂ ನಮ್ಮವರು ಪಟ್ಟು ಬಿಡುತ್ತಿಲ್ಲ. "ಹಾಗಾದ್ರೆ ನೀನೂ ಆಗ ಎಲ್ಲೋ ಕೇಳಿ ಮರೆತಿದ್ದೀಯ," ಎನ್ನುತ್ತಾರೆ. ಹಾಗಿದ್ದರೆ ಸಾಹಿತ್ಯ ಹೇಳಿ ಎಂದು ಸವಾಲು ಹಾಕಿದೆ. ರಾತ್ರಿ ಊಟದ ಹೊತ್ತಿಗೆ ಔಷಧಿ ಬರೆದುಕೊಡುವ ಚೀಟಿಯ ಮೇಲೆ ಬರೆದು ತಂದರು.

ಹಿಂದಿನ ಸೀಟು ಖಾಲಿ ಇದೆ,
ಗಾಳಿ ಬಂದು ಕೂತಿದೆ,
ಎಲ್ಲಿಗೆಂದು ಕೇಳದೆ
ಜೊತೆಗೆ ಹೊರಟಿದೆ.

"ಇದೇ ಇದ್ದಿದ್ದು," ಎಂದರು.

ಮದುವೆಯಾಗಿ ಇಷ್ಟು ವರ್ಷಕ್ಕೆ ಈ ಮನುಷ್ಯ ನನಗೊಂದು ಕಾಗದ ಬರೆದವರಲ್ಲ. ಚೀಟಿಯನ್ನು ಓದಿ, ಸಾರು ಬಡಿಸಿ, ಮತ್ತೆ ಓದಿದೆ. ಅಕ್ಷರ ಮಾತ್ರ ಮೆಡಿಕಲ್ ಅಂಗಡಿಯವರೇ ಓದಬೇಕು.

ಏಪ್ರಿಲ್ ೧೩, ಶನಿವಾರ

ರೆಕಾರ್ಡಿಂಗ್. ಎಷ್ಟೋ ದಿನದ ಮೇಲೆ ಆ ದೊಡ್ಡ ಹಾಲಿನಲ್ಲಿ ಕುರ್ಚಿ ಎಳೆಯುವ ಸದ್ದು ಕೇಳಿದೆ. ಆ ಕಾಲದ ಹಾಡುಗಳಲ್ಲಿ ಪಿಟೀಲಿನ ಹಿಂಡೇ ಇರುತ್ತಿತ್ತಲ್ಲ, ಆ ನೆಪ ಒಡ್ಡಿ ನನ್ನ ಹಳೆಯ ಪಡೆಯನ್ನೆಲ್ಲ ಕರೆಸಿದೆ. ಒಬ್ಬರು ಈಗ ಸಂಗೀತ ಪಾಠ ಹೇಳುತ್ತಾರೆ, ಒಬ್ಬರು ಅಳಿಯನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂರುತ್ತಾರೆ. ಎಲ್ಲರೂ ಇಸ್ತ್ರಿ ಅಂಗಿ ಹಾಕಿಕೊಂಡು, ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದಿದ್ದರು.

ಮೊದಲನೇ ಟೇಕು ಚೆನ್ನಾಗಿತ್ತು. ಹಳೆಯದಾಗಿರಲಿಲ್ಲ. ಎರಡನೆಯದೂ ಹಾಗೇ. ಧ್ವನಿಮುದ್ರಣದ ಹುಡುಗ ಏನೇನೋ ಗುಂಡಿ ಒತ್ತಿ ಕರಕರ ಸದ್ದು ಸೇರಿಸಿದ, ಹಳೆಯ ಹಾಡಾಗಲಿಲ್ಲ, ಕೆಟ್ಟ ರೇಡಿಯೋ ಆಯಿತು. ಆಗ ಸೆಲ್ಲೋ ಅಣ್ಣ ಕೈಯೆತ್ತಿದರು. ಆ ಕಾಲದ ಅರ್ಧ ಹಿಟ್ ಹಾಡುಗಳಿಗೆ ತಾನೇ ನುಡಿಸಿದ್ದೇನೆಂದು ಜಂಬ ಕೊಚ್ಚಿಕೊಳ್ಳುವುದು ಅವರ ಹಳೆಯ ಚಾಳಿ. ಇವತ್ತು ಜಂಬಕ್ಕೆ ಕೆಲಸ ಬಂತು.

"ತಂಗೀ, ನೀನು ಲಯ ಗಡಿಯಾರದ ಹಾಗೆ ಇಟ್ಟಿದ್ದೀಯ. ಆವಾಗ ಎಲ್ಲಿತ್ತು ಅದು? ಶಿಫ್ಟು ಮುಗಿಯೋದ್ರೊಳಗೆ ಹಾಡು ಮುಗೀಬೇಕು. ಪ್ರೊಡ್ಯೂಸರು ಬಾಗಿಲಲ್ಲಿ ನಿಂತು ಗಡಿಯಾರ ನೋಡ್ತಿದ್ದ. ನಾವೆಲ್ಲಾ ಕೊನೇ ಚರಣದಲ್ಲಿ ಕಾಲಿಗೆ ಬುದ್ಧಿ ಹೇಳ್ತಿದ್ವಿ. ಆ ಓಟಾನೇ ಜನಕ್ಕೆ ಖುಷಿ ಅನ್ನಿಸಿದ್ದು."

ಹೆಡ್‌ಫೋನಿನಲ್ಲಿ ಬರುತ್ತಿದ್ದ ಲಯದ ಟಿಕ್ ಟಿಕ್ ತೆಗೆಸಿದೆ, ಎಲ್ಲರೂ ಒಟ್ಟಿಗೆ ಒಂದೇ ಉಸಿರಿಗೆ ನುಡಿಸಿದರು. ಗಾಯಕಿ ಹುಡುಗಿ ಪುಸ್ತಕದಲ್ಲಿರುವಷ್ಟು ಅಚ್ಚುಕಟ್ಟಾಗಿ ಹಾಡುತ್ತಿದ್ದಳು. "ರಸ್ತೆಯ ಆ ಕಡೆ ನಿನ್ನ ಗೆಳತಿ ಹೋಗ್ತಿದ್ದಾಳೆ, ಬಸ್ಸು ಅಡ್ಡ ಬರೋ ಮುಂಚೆ ಕೂಗು," ಎಂದೆ. ಕೂಗಿದಳು. ಕೊನೆಗೆ ಎಲ್ಲರೂ ಓಡಿದರು. ಸೆಲ್ಲೋ ಅಣ್ಣ ನಿಂತೇ ನುಡಿಸಿದರು! ಹಾರ್ಡ್‌ವೇರ್ ಅಂಗಡಿಯವರು ಕಾಲಲ್ಲಿ ತಾಳ ಹಾಕಿ ಸ್ಟ್ಯಾಂಡು ಬೀಳಿಸಿದರು. ಬಿದ್ದ ಸದ್ದನ್ನೂ ಬಿಟ್ಟುಕೊಂಡಿದ್ದೇನೆ.

ಚಹಾ ಕುಡಿಯುವಾಗ ಸೆಲ್ಲೋ ಅಣ್ಣ ಹೇಳಿದರು. "ಇಷ್ಟು ವರ್ಷ ನಿನ್ನ ಹಿನ್ನೆಲೆಗೆ ಉದ್ದುದ್ದ ಸ್ವರ ಎಳೆದೂ ಎಳೆದೂ ನನ್ನ ಭುಜ ಹೋಯ್ತು. ಒಂದೊಂದ್ಸಲ ಕಣ್ಣುಬಿಟ್ಟೇ ನಿದ್ದೆ ಮಾಡಿದ್ದೀನಿ. ಇವತ್ತು ಮಜಾ ಬಂತಮ್ಮ."

ಪಡೆಯೆಲ್ಲ ನಕ್ಕಿತು. ನಾನೂ ನಕ್ಕೆ. ಒಳಗೆ ಚುರುಕ್ಕೆಂದಿತು, ಸುಳ್ಳೇಕೆ ಬರೆಯಲಿ. ಆದರೆ ಅವರು ವಾದ್ಯವನ್ನು ಪೆಟ್ಟಿಗೆಯೊಳಗೆ ಮಲಗಿಸುವಾಗ ಆ ಹಾಡನ್ನೇ ಗುನುಗುತ್ತಿದ್ದರು. ಮೂವತ್ತು ವರ್ಷದಲ್ಲಿ ನನ್ನದೇನನ್ನಾದರೂ ಅವರು ಗುನುಗಿದ್ದು ನೆನಪಿಲ್ಲ.

ಏಪ್ರಿಲ್ ೨೦, ಶನಿವಾರ

ಹಾಡು ಕೂಡಿಸಿ ಕೊನೆಯ ದೃಶ್ಯ ನೋಡಿದೆವು. ಅವಳು ಗಾಡಿ ಓಡಿಸಿಕೊಂಡು ಹೋದಳು. ನನಗೆ ಅವಳ ಮೇಲೆ ಪಾಪ ಅನ್ನಿಸಲಿಲ್ಲ.

ಟೆಂಪರರಿಗೆ ಏನೂ ಹೇಳಲಿಲ್ಲ. ಹುಡುಗ ಉಬ್ಬಿಹೋಗುತ್ತಾನೆ.

ಮೇ ೧೦, ಶುಕ್ರವಾರ

ಬಿಡುಗಡೆಗೆ ಮುಂಚೆ ಜನರನ್ನು ಕರೆದು ತೋರಿಸಿ, ಏನನ್ನಿಸಿತು ಎಂದು ಕೇಳುವ ಪದ್ಧತಿ. ನಾನು ಕೊನೆಯ ಸಾಲಿನಲ್ಲಿ ಕತ್ತಲಲ್ಲಿ ಕೂತಿದ್ದೆ. ಆಸ್ಪತ್ರೆಯ ದೃಶ್ಯದಲ್ಲಿ ನನ್ನ ಹಿನ್ನೆಲೆ ಸಂಗೀತ ಬಂತು. ಮುಂದಿನ ಸಾಲಿನವರು ಚಿಪ್ಸ್ ಪೊಟ್ಟಣ ಒಡೆದರು. ಕೊನೆಯ ಹಾಡು ಬಂದಾಗ ಪೊಟ್ಟಣದ ಸದ್ದು ನಿಂತಿತು. ಮೂರು ಸಾಲು ಮುಂದೆ ಒಂದು ತಲೆ ಅಲುಗಿತು. ಆಮೇಲೆ ಇನ್ನೊಂದು. ಒಬ್ಬರು ಪಕ್ಕದವರ ಕಿವಿಯಲ್ಲಿ "ಇದು ಯಾವ ಸಿನಿಮಾದ್ದು ಹೇಳಿ?" ಎಂದರು. ಪಕ್ಕದವರು ಒಂದು ಹೆಸರನ್ನೂ ಹೇಳಿದರು! ಹೆಗಲು ಹಿಡಿದು ಅಲ್ಲಾಡಿಸಿ "ಅಲ್ಲ, ನಂದು!" ಎನ್ನಬೇಕೆನಿಸಿತು.

ಮುಗಿದ ಮೇಲೆ ಹೆಂಗಸರ ಟಾಯ್ಲೆಟ್ಟಿಗೆ ಹೋದೆ. ಬಾಗಿಲು ಹಾಕಿಕೊಂಡು ಒಳಗಿದ್ದಾಗ ಹೊರಗೆ ಕೈತೊಳೆಯುವ ಕಡೆ ಯಾರೋ ಹಾಡುತ್ತಿದ್ದರು. ವಯಸ್ಸಾದ ದನಿ. ಹಿಂದಿನ ಸೀಟು ಖಾಲಿ ಇದೆ, ಗಾಳಿ ಬಂದು ಕೂತಿದೆ. ನಾಲ್ಕೂ ಸಾಲು ಹಾಡಿದರು. ನಿಲ್ಲಿಸಲಿಲ್ಲ. ಮುಂದಕ್ಕೆ ಹೋದರು.

ಮುಂದೆ ಏನೂ ಇಲ್ಲ! ಸಿನಿಮಾಕ್ಕೆ ಬೇಕಾದದ್ದು ಒಂದೇ ಚರಣ, ಅದನ್ನೇ ತಿರುಗಿಸಿ ತಿರುಗಿಸಿ ಹಾಡಿಸಿದ್ದೆ. ಎರಡನೇ ಚರಣವನ್ನು ನಾನು ಬರೆದೇ ಇಲ್ಲ. ಅವರು ಹಾಡುತ್ತಿದ್ದಾರೆ. ಪದ ಗೊತ್ತಿಲ್ಲದ ಕಡೆ ಲಾಲಾ ಎನ್ನುತ್ತ, ನಾನಾಗಿದ್ದರೆ ಕೆಳಗಿಳಿಯುತ್ತಿದ್ದ ಜಾಗದಲ್ಲಿ ಮೇಲಕ್ಕೆ ಹೋಗಿ, ಅಲ್ಲಿ ಒಂದು ಚಿಕ್ಕ ತಿರುವು ಹಾಕಿ ಇಳಿದರು. ಜೊತೆಯಲ್ಲಿದ್ದವರಿಗೆ ಹೇಳಿದರು: "ಎರಡನೇದೇ ಚೆನ್ನಾಗಿರೋದು. ಸಿನಿಮಾದಲ್ಲಿ ಕಟ್ ಮಾಡಿಬಿಟ್ಟಿದ್ದಾರೆ ನೋಡಿ, ಪಾಪಿಗಳು."

ಹೊರಗೆ ಬರುವ ಹೊತ್ತಿಗೆ ಹೋಗಿಬಿಟ್ಟಿದ್ದರು.

ಮೇ ೧೪, ಮಂಗಳವಾರ

ಯುದ್ಧ. ಚಿತ್ರದ ಪ್ರಚಾರದವನು ಬಂದಿದ್ದ, ಬಾಯಿ ತೆರೆದರೆ ಜೇನು. ಹಾಡಿನ ಮೇಲೆ ಹೆಸರು ಹಾಕುವುದು ಬೇಡ, ಎಲ್ಲೋ ಕಳೆದುಹೋಗಿದ್ದ ಹಳೆಯ ಹಾಡು ಸಿಕ್ಕಿತು ಎಂದು ಸುದ್ದಿ ಹಬ್ಬಿಸೋಣ ಎಂದ. "ಜನಕ್ಕೆ ಹಳೇದು ಅಂದ್ರೇನೇ ಇಷ್ಟ ಮೇಡಂ. ಹೊಸದು ಅಂತ ಗೊತ್ತಾದ್ರೆ ಮಜಾ ಹೋಗತ್ತೆ."

ನನ್ನ ಬಾಯಿಂದ ಬಂದದ್ದನ್ನೆಲ್ಲ ಇಲ್ಲಿ ಬರೆದರೆ ಕಾಗದ ಕಪ್ಪಾಗುತ್ತದೆ. ಸಾರಾಂಶ ಇಷ್ಟು: ನನ್ನ ಹೆಸರಿಲ್ಲದಿದ್ದರೆ ಹಾಡೂ ಇಲ್ಲ. ಆಶ್ಚರ್ಯವೆಂದರೆ ಟೆಂಪರರಿ ಎದ್ದುನಿಂತು ನನ್ನ ಪರ ವಹಿಸಿದ. "ಮೇಡಂ ಹೆಸರು ಇರತ್ತೆ. ಒಂಟಿಯಾಗಿ, ದೊಡ್ಡದಾಗಿ, ಪೂರ್ತಿ ಪರದೆ ಮೇಲೆ. ಇದು ಮಾತ್ರ ಟೆಂಪರರಿ ಅಲ್ಲ," ಎಂದ. ಕನ್ನಡಕದ ಹಿಂದೆ ಕಣ್ಣು ಕೆಂಪಾಗಿತ್ತು. ಇವನನ್ನು ಇನ್ನು ನಿರ್ದೇಶಕನೆಂದೇ ಕರೆಯಬೇಕು.

ಗೆದ್ದು ಮನೆಗೆ ಬಂದೆ. ಚಿತ್ರದ ಕಂಪನಿಯವರು ಇಡೀ ಹಾಡನ್ನು ಪ್ರತ್ಯೇಕವಾಗಿ ಬಿಡುಗಡೆ ಮಾಡುತ್ತಾರಂತೆ. ಎರಡನೇ ಚರಣ ಬೇಕು.

ಮೇ ೧೮, ಶನಿವಾರ

ಎರಡನೇ ಚರಣ ಆಗುತ್ತಿಲ್ಲ. ಹೇಗೆ ಮಾಡಿದರೂ ಆ ಟಾಯ್ಲೆಟ್ಟಿನಮ್ಮ ಹಾಡಿದ್ದೇ ಸರಿ ಅನ್ನಿಸುತ್ತದೆ. ಕೆಳಗಿಳಿಸಿ ನೋಡಿದೆ, ಅಡ್ಡ ತಿರುಗಿಸಿ ನೋಡಿದೆ. ನನ್ನ ಕಿವಿಯೇ ನನಗೆ ಕೈಕೊಟ್ಟು "ಅಲ್ಲ, ಇದು ಹೀಗಿರಲಿಲ್ಲ" ಎನ್ನುತ್ತದೆ. ಹೀಗಿರಲಿಲ್ಲ ಎಂದರೆ ಏನರ್ಥ? ಯಾವಾಗ ಇತ್ತು ಇದು?

ಸಾಯಂಕಾಲ ಸೋತು ಅವರದನ್ನೇ ಹಾಕಿದೆ, ಆ ಚಿಕ್ಕ ತಿರುವನ್ನೂ ಬಿಡದೆ. ಐದು ನಿಮಿಷದಲ್ಲಿ ಮುಗಿಯಿತು. ನಮ್ಮವರು ಕೇಳಿ, "ಹಾಂ, ಈಗ ಪೂರ್ತಿ ನೆನಪಾಯ್ತು," ಎಂದರು.

ಅವರ ಹೆಸರು ಗೊತ್ತಿದ್ದರೆ ಹಾಕಿಸಬಹುದಿತ್ತು. ಎಲ್ಲಿ ಹುಡುಕಲಿ? ಹುಡುಕಿ ಏನು ಹೇಳಲಿ? ನೀವು ನೆನಪಿಟ್ಟುಕೊಂಡಿದ್ದ ಹಾಡು ಇರಲೇ ಇಲ್ಲ ಎಂದೇ?

ಜೂನ್ ೭, ಶುಕ್ರವಾರ

ಬಿಡುಗಡೆ. ನನ್ನ ಹೆಸರು ಒಂಟಿಯಾಗಿ, ದೊಡ್ಡದಾಗಿ, ಪೂರ್ತಿ ಪರದೆಯ ಮೇಲೆ ಬಂತು. ಆ ಹೊತ್ತಿಗೆ ದೀಪ ಹಾಕಿದ್ದರು, ಎಲ್ಲರೂ ಎದ್ದು ಸೀಟಿನ ಕೆಳಗೆ ಚಪ್ಪಲಿಗೆ ಕಾಲಾಡಿಸುತ್ತಿದ್ದರು. ನಮ್ಮವರೊಬ್ಬರೇ ಚಪ್ಪಾಳೆ ತಟ್ಟಿದರು. ಬಾಗಿಲಲ್ಲಿ ನೂಕುನುಗ್ಗಲು. ನೂಕುತ್ತ, ನುಗ್ಗುತ್ತ, ಫೋನು ನೋಡುತ್ತ ಅಷ್ಟು ಜನರೂ ಅದನ್ನೇ ಗುನುಗುತ್ತಿದ್ದರು. ಅವರ ನಡುವೆ ನಾನು ಸಿಕ್ಕಿಕೊಂಡಿದ್ದೆ. ಮೆಟ್ಟಿಲಿಳಿಯುವಾಗ ನನ್ನ ಬಾಯಲ್ಲೂ ಅದೇ ಇತ್ತು ಎಂದು ನಮ್ಮವರು ಹೇಳುತ್ತಾರೆ. ನನಗೆ ನೆನಪಿಲ್ಲ.

ಜೂನ್ ೧೯, ಬುಧವಾರ

ನಮ್ಮವರಿಗೆ ಹೊಸ ಹುಚ್ಚು. ಕುರ್ಚಿಯಲ್ಲಿ ಮಲಗಿದವರಿಗೆಲ್ಲ "ಆ ಹಾಡು ಕೇಳಿದ್ದೀರಾ? ನಮ್ಮ ಮನೆಯವಳೇ ಮಾಡಿದ್ದು" ಎಂದು ಕೊಚ್ಚಿಕೊಳ್ಳುವುದು. ಬಾಯಲ್ಲಿ ಹತ್ತಿ ತುಂಬಿಸಿಕೊಂಡವರು ಏನೆಂದು ಉತ್ತರ ಕೊಟ್ಟಾರು?

ಇವತ್ತು ಮಧ್ಯಾಹ್ನ ಊಟಕ್ಕೆ ಕರೆಯಲು ಕೆಳಗೆ ಹೋದೆ. ಒಬ್ಬ ಹೆಂಗಸು ಕುರ್ಚಿಯಲ್ಲಿದ್ದರು, ನನ್ನ ವಯಸ್ಸಿನವರೇ. ಇಂಜೆಕ್ಷನ್ ಹಾಕಿಸಿಕೊಂಡು, ಬಾಯಿ ಮರಗಟ್ಟಲೆಂದು ಕಾಯುತ್ತಿದ್ದರು. ನಮ್ಮವರು ನನ್ನನ್ನು ಕಂಡದ್ದೇ ತಡ, "ಬಂದಳು ನೋಡಿ, ಇವಳೇ. ಆ ಹಾಡು ಮಾಡಿದವಳು," ಎಂದರು.

ಆ ಹೆಂಗಸು ನನ್ನನ್ನು ನೋಡಿ ನಕ್ಕರು. ಅರ್ಧ ಮುಖ ಮಾತ್ರ ನಕ್ಕಿತು. "ಹೋಗಿ ಡಾಕ್ಟ್ರೇ, ತಮಾಷೆ ಮಾಡ್ತೀರಿ. ಅದು ಹಳೇ ಹಾಡು. ನಮ್ಮಕ್ಕ ನನಗೆ ಜಡೆ ಹಾಕುವಾಗ ದಿನಾ ಹಾಡ್ತಿದ್ಲು. ಸಿನಿಮಾದಲ್ಲಿ ಅದು ಬಂದ ತಕ್ಷಣ ಅಕ್ಕನ ಕೈ ತಲೆ ಮೇಲೆ ಇಟ್ಟ ಹಾಗಾಯ್ತು ನನಗೆ. ಅವಳು ಹೋಗಿ ಎಷ್ಟು ವರ್ಷ ಆಯ್ತು. ಅವಳ ದನಿ ಮರೆತೇಹೋಗಿತ್ತು. ಮೊನ್ನೆ ಥಿಯೇಟರಲ್ಲಿ ಪೂರ್ತಿ ವಾಪಸ್ ಬಂತು."

ನಮ್ಮವರು ಬಾಯಿ ತೆರೆದರು. ಮೇಜಿನ ಮೇಲೇ ಇತ್ತು, ಕಂಪನಿಯವರು ಕಳಿಸಿದ ಪೋಸ್ಟರು, ನನ್ನ ಹೆಸರಿರುವುದು. ಅದರ ಕಡೆ ಕೈ ಚಾಚಿದರು. ನಾನು ಅವರ ಕೈ ಹಿಡಿದೆ.

"ಹೌದು, ಹಳೇ ಹಾಡೇ," ಎಂದೆ. "ಇವರಿಗೆ ತಮಾಷೆ ಜಾಸ್ತಿ. ನಾನೂ ಆಗ ಕೇಳಿದ್ದೆ."

"ಅಲ್ವಾ?" ಎಂದರು. ಕಣ್ಣಲ್ಲಿ ನೀರಿತ್ತು.

"ನಿಮ್ಮಕ್ಕ ಹೇಗೆ ಹಾಡ್ತಿದ್ರು?" ಎಂದು ಕೇಳಿದೆ.

ಹಾಡಿದರು. ಅರ್ಧ ಬಾಯಿ ಮರಗಟ್ಟಿತ್ತು, ಅಕ್ಷರಗಳೆಲ್ಲ ತೊದಲುತ್ತಿದ್ದವು. ನಾನು ಓಡಿಸಿದ ಕಡೆ ಅವರಕ್ಕ ಓಡುತ್ತಿರಲಿಲ್ಲವಂತೆ, ಜಡೆಯ ಮೂರು ಕಾಲು ಕೈಗೆ ಸಿಗುವವರೆಗೆ ಅಲ್ಲೇ ಸ್ವಲ್ಪ ನಿಲ್ಲುತ್ತಿದ್ದಳಂತೆ. ಹಾಗೆಯೇ ನಿಂತು, ಆಮೇಲೆ ಮುಂದಕ್ಕೆ ಹೋದರು. ನಮ್ಮವರು ಕೈಯಲ್ಲಿ ಕೊರೆಯುವ ಯಂತ್ರ ಹಿಡಿದುಕೊಂಡೇ ಕೇಳುತ್ತಿದ್ದರು.

ಊಟಕ್ಕೆ ಕೂತಾಗ "ಯಾಕೇ ಹಾಗಂದೆ?" ಎಂದು ಕೇಳಿದರು. ಅರ್ಧ ಬಾಯಿ ಮರಗಟ್ಟಿದವರ ಜೊತೆ ಯಾರು ವಾದ ಮಾಡುತ್ತಾರೆ ಎಂದೆ. ಊಟವಾದ ಮೇಲೆ ಮಹಡಿಗೆ ಬಂದು, ಅವರಕ್ಕ ನಿಲ್ಲುತ್ತಿದ್ದ ಕಡೆ ನಿಂತು ಹಾಡಿಕೊಂಡು ನೋಡಿದೆ. ಅದೇ ಸರಿಯಾಗಿತ್ತು.